ಹಿಡಿದ ಇಲಿಯನ್ನು ನಮ್ಮ ಬೀದಿಗೆ ಬಿಡಬೇಡಿ

ಮಾನ್ಯರೇ,

ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ಬೋನಿಗೆ ಬಿದ್ದ ಇಲಿಯನ್ನು ವಾಕಿಂಗ್‌ಗೆ ಬರುವವರು ಇಲ್ಲೇ ಬಿಟ್ಟು ಹೋಗುತ್ತಾರೆ. ಸಂಜೆಯೊಳಗೆ ಅದು ನಮ್ಮ ಅಡುಗೆಮನೆಯಲ್ಲಿ! ಪುಣ್ಯ ಅವರಿಗೆ, ಅಕ್ಕಿ ಚೀಲ ನಮ್ಮದು.

ಇನ್ನು ಕೆಲವರದು ಅಂಟಿನ ಹಲಗೆ. ಮೊನ್ನೆ ಬೀದಿಯ ಕಸದಲ್ಲಿ ಅಂಟಿಗೆ ಸಿಕ್ಕ ಇಲಿ ಇನ್ನೂ ಕಿಚಕಿಚ ಅನ್ನುತ್ತಿತ್ತು, ಪಕ್ಕದಲ್ಲೇ ಒಂದು ಹಲ್ಲಿ. ಈ ಅಂಟಿನ ಹಲಗೆ ಬಳಸಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದ್ದರೂ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಆ ಕಸವನ್ನು ಎತ್ತುವವರು ಪೌರಕಾರ್ಮಿಕರು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ ಅಲ್ವಾ?

ಇಲಿ ಮನೆಯೊಳಗೆ ಬರಬಾರದೆಂದರೆ ಸಿಂಕ್ ಪೈಪಿನ ಸುತ್ತಲ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಸಿಮೆಂಟ್ ಮೆತ್ತಿ. ಖರ್ಚೂ ಜಾಸ್ತಿ ಇಲ್ಲ.

– ನಿವೃತ್ತ ಶಿಕ್ಷಕಿ, ಮೈಸೂರು