ಬರೆದುಕೊಡಲು ಯಾರೂ ಇಲ್ಲದವರ ಪರವಾಗಿ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ.

ಮಾನ್ಯರೇ,

ಸ್ಕಿಜೋಫ್ರೇನಿಯಾ ಇರುವ ನನ್ನ ತಮ್ಮ ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂಬ ಭಯದಲ್ಲಿ, ಅಪರಿಚಿತರ ಮನೆಯ ಕಾಂಪೌಂಡ್ ಹಾರಿ ಒಳಗೆ ಅವಿತುಕೊಂಡ. ಅತಿಕ್ರಮ ಪ್ರವೇಶದ ಪ್ರಕರಣ ದಾಖಲಾಯಿತು, ಮರುದಿನ ಅವನು ನ್ಯಾಯಾಂಗ ಬಂಧನಕ್ಕೆ ಹೋದ. ಅವನು ಯಾವ ಮಾತ್ರೆ ತೆಗೆದುಕೊಳ್ಳುತ್ತಾನೆಂದು ಠಾಣೆಯಲ್ಲಾಗಲಿ ಜೈಲಿನಲ್ಲಾಗಲಿ ಯಾರೂ ಕೇಳಲಿಲ್ಲ. ಒಂಬತ್ತು ದಿನ ಔಷಧವಿಲ್ಲದೆ ಕಳೆದು ಹೊರಬಂದಾಗ ಅವನಿಗೆ ನನ್ನ ಗುರುತೂ ಸರಿಯಾಗಿ ಸಿಗಲಿಲ್ಲ.

ಹಾಗಾಗಬಾರದೆಂದು ಕಾನೂನು ಹೇಳುತ್ತದೆ. 2018ರಲ್ಲಿ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದಾಗಿ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ವ್ಯಕ್ತಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆಸ್ಪತ್ರೆಗೆ ತಪಾಸಣೆಗಾಗಿ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಅಥವಾ ಜೈಲಿನಲ್ಲಿ ಇಡುವಂತಿಲ್ಲ. ಆದರೆ ದೂರೊಂದು ದಾಖಲಾದ ಕ್ಷಣದಿಂದ ಅದೇ ವ್ಯಕ್ತಿ ಎಲ್ಲರ ಕಣ್ಣಿಗೂ ರೋಗಿಯಾಗಿ ಉಳಿಯದೆ ಆರೋಪಿಯಾಗುತ್ತಾನೆ. ಅಲ್ಲಿಂದ ಮುಂದಿನ ದಾರಿ ಎಷ್ಟು ಕಿರಿದಾಗುತ್ತದೆಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ.

ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲದ ಆರೋಪಿಯನ್ನು, ಪ್ರಕರಣ ಜಾಮೀನುರಹಿತವಾಗಿದ್ದರೂ, ಒಳರೋಗಿಯಾಗಿ ಚಿಕಿತ್ಸೆ ಪಡೆಯುವ ಅಗತ್ಯವಿಲ್ಲದಿದ್ದರೆ ಜಾಮೀನಿನ ಮೇಲೆ ಬಿಡಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 330ನೇ ಸೆಕ್ಷನ್ ಅವಕಾಶ ಕೊಟ್ಟಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಷರತ್ತು ಇಷ್ಟೇ: ಹೊರರೋಗಿಯಾಗಿ ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬಂಧುವೋ ಸ್ನೇಹಿತರೋ ಬರೆದುಕೊಡಬೇಕು. ನನ್ನ ತಮ್ಮನಿಗೆ ಬರೆದುಕೊಡಲು ನಾನಿದ್ದೆ. ಬಸ್‌ ನಿಲ್ದಾಣದಲ್ಲಿ ಮಲಗುವವನಿಗೆ, ತನ್ನ ಊರಿನ ಹೆಸರನ್ನೂ ಹೇಳಲಾಗದವಳಿಗೆ ಯಾರಿದ್ದಾರೆ? ಕಾಯಿಲೆಯೇ ಬಂಧುಗಳನ್ನು ದೂರ ಮಾಡಿರುವಾಗ, ಬಿಡುಗಡೆಗೆ ಬಂಧುಗಳೇ ಬೇಕೆನ್ನುವ ಷರತ್ತು ಅತ್ಯಂತ ನಿರ್ಗತಿಕರನ್ನೇ ಒಳಗೆ ಉಳಿಸುತ್ತದೆ.

ಅಸ್ಸಾಮಿನ ಮಚಂಗ್ ಲಾಲುಂಗ್ ಅವರನ್ನು 1951ರಲ್ಲಿ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿತ್ತು. 1967ರಲ್ಲಿ ಗುಣವಾಗಿದ್ದಾರೆಂದು ವೈದ್ಯರು ಹೇಳಿದ ಮೇಲೂ ಅವರನ್ನು ಮನೆಗೆ ಕಳಿಸಲಿಲ್ಲ, ಜೈಲಿಗೆ ಕಳಿಸಿದರು. ಒಮ್ಮೆಯೂ ವಿಚಾರಣೆ ನಡೆಯದೆ 54 ವರ್ಷ ಕಳೆದು, 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರು ಹೊರಬಂದರು. ಅಷ್ಟು ದೀರ್ಘ ಕಾಲ ಅವರ ಕಡತವನ್ನು ಕೈಗೆತ್ತಿಕೊಳ್ಳುವುದು ಯಾರ ಹೊಣೆಯೂ ಆಗಿರಲಿಲ್ಲ.

ಆದ್ದರಿಂದ ನಾನು ಹೊಸ ಕಾನೂನನ್ನು ಕೇಳುತ್ತಿಲ್ಲ, ಪ್ರತಿ ಜಿಲ್ಲೆಯಲ್ಲೂ ಈ ಹೊಣೆ ಹೊರುವ ಒಬ್ಬರನ್ನು ಕೇಳುತ್ತಿದ್ದೇನೆ. ಬಂಧುಗಳಿಲ್ಲದ ಆರೋಪಿಯ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವ, ಚಿಕಿತ್ಸೆಯ ಮತ್ತು ವಾಸದ ವ್ಯವಸ್ಥೆ ಮಾಡುವ, ಆಸ್ಪತ್ರೆಗೆ ಬರುವ ದಿನ ತಪ್ಪಿದರೆ ಹುಡುಕಿಕೊಂಡು ಹೋಗುವ ಸಮಾಜ ಕಾರ್ಯಕರ್ತರನ್ನು ಸರ್ಕಾರವೇ ನೇಮಿಸಿದರೆ, ನ್ಯಾಯಾಧೀಶರಿಗೂ ಜೈಲಿನ ಹೊರತಾಗಿ ಇನ್ನೊಂದು ಆಯ್ಕೆ ಸಿಗುತ್ತದೆ. ನಮಗಿದು ಅಪರಿಚಿತ ದಾರಿಯೂ ಅಲ್ಲ: ಮಾನಸಿಕ ಚಿಕಿತ್ಸೆಯನ್ನು ಜಿಲ್ಲಾ ಮಟ್ಟದಲ್ಲೇ ಒದಗಿಸಲು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮಾನಸಿಕ ಕಾಯಿಲೆ ಇರುವವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಠಾಣೆಯ ಸಿಬ್ಬಂದಿಗೆ ತರಬೇತಿಯೂ ಬೇಕು. ಅಮೆರಿಕದ ಮೆಂಫಿಸ್ ನಗರದಲ್ಲಿ 1988ರಿಂದ ಪೊಲೀಸರಿಗೆ ಇದಕ್ಕಾಗಿ 40 ಗಂಟೆಗಳ ತರಬೇತಿ ಕೊಡುತ್ತ ಬಂದಿದ್ದಾರೆ. ಆದರೆ ಆ ಕಾರ್ಯಕ್ರಮದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು, ಪೊಲೀಸರು ಕರೆತಂದವರನ್ನು ಯಾವ ಹೊತ್ತಿನಲ್ಲೂ ಹಿಂದಕ್ಕೆ ಕಳಿಸದೆ ಸೇರಿಸಿಕೊಳ್ಳಲು ಒಪ್ಪಿದ ಆಸ್ಪತ್ರೆ. ನಡುರಾತ್ರಿ ಆಸ್ಪತ್ರೆಯವರು ‘ಬೆಳಿಗ್ಗೆ ಬನ್ನಿ’ ಎಂದರೆ, ಎಷ್ಟೇ ಕರುಣೆಯಿರುವ ಪೇದೆಯೂ ಆ ವ್ಯಕ್ತಿಯನ್ನು ಠಾಣೆಗೇ ಮರಳಿ ತರಬೇಕಾಗುತ್ತದೆ. ಆರೋಗ್ಯ ಸಚಿವರೊಂದಿಗೆ ಮಾತನಾಡಿ, ಜಿಲ್ಲಾಸ್ಪತ್ರೆಗಳಿಗೆ ಈ ಬಗ್ಗೆ ಲಿಖಿತ ಆದೇಶ ಕೊಡಿಸಿ.

ಕೊನೆಯದಾಗಿ, ತಮ್ಮ ಇಲಾಖೆ ತಡಮಾಡದೆ ಆರಂಭಿಸಬಹುದಾದ ಕೆಲಸವೊಂದಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ, ರೋಗಿಗಳ ಹಕ್ಕುಗಳನ್ನು ಕಾಯಲೆಂದು ಅದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ವರದಿ ಸಲ್ಲಿಸಬೇಕು. ಬರೆದುಕೊಡುವವರಿಲ್ಲ ಎಂಬ ಒಂದೇ ಕಾರಣಕ್ಕೆ ಒಳಗೆ ಉಳಿದವರು ಎಷ್ಟು ಮಂದಿ ಎಂಬುದನ್ನು ಮುಂದಿನ ವರದಿಯಲ್ಲಿ ಸೇರಿಸಲು ಸೂಚಿಸಿ, ಆ ಸಂಖ್ಯೆಯನ್ನು ಸದನದ ಮುಂದೆ ಇಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ರೋಗಿಯ ಅಕ್ಕ