ಬೆಲ್ವೆಡೇರ್ ಪುಸ್ತಕ ಅಚ್ಚಿಗೆ ಹೋದ ಹೊತ್ತಿನಲ್ಲಿ

ವಿಯೆನ್ನಾದ ಬೆಲ್ವೆಡೇರ್ ಅರಮನೆಯ ಚರಿತ್ರೆಯನ್ನು ಕುರಿತ ನನ್ನ ಪುಸ್ತಕ ಕಳೆದ ವಾರ ಅಚ್ಚಿಗೆ ಹೋಯಿತು. ನಡುವೆ ಅಮ್ಮ ತೀರಿಕೊಂಡದ್ದರಿಂದ ಒಂದು ವರ್ಷ ಕೆಲಸ ನಿಂತಿತ್ತು. ಗ್ರಂಥಾಲಯಗಳಿಂದ ಪುಟಗಳನ್ನು ಕಳುಹಿಸಿದವರಿಗೆ, ಜರ್ಮನ್ ಬರಹಗಳ ಅರ್ಥ ಬಿಡಿಸಿಕೊಟ್ಟ ಗೆಳೆಯರಿಗೆ, ಕರಡು ತಿದ್ದಿದವರಿಗೆ, ಆ ದಿನಗಳಲ್ಲಿ ಮನೆಗೆ ಊಟ ತಂದಿತ್ತ ನೆರೆಯವರಿಗೆ ನಾನು ಋಣಿ.

ಉಳಿದ ಮಾತೆಲ್ಲ ಅಕ್ಕನಿಗೆ ಸಲ್ಲಬೇಕು.

ಅಮ್ಮನ ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ ಕುಳಿತಿದ್ದೆವು. "ಏನಾದರೂ ಓದು" ಎಂದಳು ಅಕ್ಕ; ಚೀಲದಲ್ಲಿದ್ದುದು ಈ ಹಸ್ತಪ್ರತಿಯೊಂದೇ. ಸವಾಯ್‌ನ ರಾಜಕುಮಾರ, ಸೇನಾಪತಿ ಯೂಜೀನನಿಗಾಗಿ ಹಿಲ್ಡೆಬ್ರಾಂಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಮೇಲಿನ ಅರಮನೆ 1723ರಲ್ಲಿ ಮುಗಿದದ್ದನ್ನೂ, ಹತ್ತೇ ವರ್ಷಗಳಲ್ಲಿ ಅದರ ಕೆಳ ಪಡಸಾಲೆಯ ಚಾವಣಿ ಕುಸಿಯುವಂತಾದಾಗ ಗ್ರೀಕ್ ಪುರಾಣದಲ್ಲಿ ಆಕಾಶ ಹೊತ್ತ ದೈತ್ಯ ಅಟ್ಲಾಸ್‌ನ ನಾಲ್ಕು ಕಲ್ಲಿನ ಮೂರ್ತಿಗಳ ಹೆಗಲಿಗೆ ಕಮಾನುಗಳನ್ನು ಹೊರಿಸಿ ಉಳಿಸಿಕೊಂಡದ್ದನ್ನೂ, 1752ರಲ್ಲಿ ಸಾಮ್ರಾಜ್ಞಿ ಮರಿಯಾ ಥೆರೇಸಾ ಅರಮನೆಯನ್ನು ಕೊಂಡದ್ದನ್ನೂ, 1781ರಲ್ಲಿ ರಾಜಮನೆತನದ ಚಿತ್ರಗಳನ್ನು ನೋಡಲು ಅಲ್ಲಿಗೆ ಸಾಮಾನ್ಯ ಜನರನ್ನು ಬಿಟ್ಟದ್ದನ್ನೂ ಓದುತ್ತ ಹೋದೆ. ಅಕ್ಕ ತಡೆದದ್ದು ಒಂದೇ ಕಡೆ. 1938ರಲ್ಲಿ ನಾಜಿಗಳಿಗೆ ಅಂಜಿ ದೇಶ ಬಿಟ್ಟ ಯಹೂದಿ ಉದ್ಯಮಿ ಫರ್ಡಿನಾಂಡ್ ಬ್ಲಾಖ್-ಬಾವರ್ ಅವರ ಮನೆಯಲ್ಲಿದ್ದ ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಚಿತ್ರಗಳು "ಕುಟುಂಬದ ಕೈತಪ್ಪಿ ಬೆಲ್ವೆಡೇರ್‌ನ ಸಂಗ್ರಹಾಲಯ ಸೇರಿದವು" ಎಂದು ನಾನು ಬರೆದಿದ್ದೆ.

"ಕೈತಪ್ಪಿದ್ದಲ್ಲ, ಕಿತ್ತುಕೊಂಡದ್ದು. ಹಾಗೇ ಬರಿ" ಎಂದಳು.

ಅಲ್ಲಿಯೇ, ಅವಳ ಪೆನ್ನಿನಿಂದಲೇ, ಆ ಪದವನ್ನು ಹೊಡೆದು ಹಾಕಿದೆ. ಅಂಥದೊಂದು ರಾತ್ರಿಯಲ್ಲಿ, ಕಣ್ಣು ಕೆಂಪಾಗಿದ್ದಾಗಲೂ, ಎಂದೂ ಕಾಣದ ಊರಿನವರ ಪರವಾಗಿ ಅವಳು ಅಷ್ಟು ಖಚಿತವಾಗಿ ಮಾತಾಡಿದಳು. 2006ರಲ್ಲಿ ಐದು ಚಿತ್ರಗಳು ವಾರಸುದಾರರಿಗೆ ಮರಳಿದ ಸಂಗತಿಯನ್ನು ನಾನು ಅಡಿಟಿಪ್ಪಣಿಗೆ ತಳ್ಳಿದ್ದೆ. ಅವಳ ಮಾತಿನ ಮೇಲೆ ಅದೀಗ ಒಂದು ಅಧ್ಯಾಯವೇ ಆಗಿದೆ, ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ಅಧ್ಯಾಯವೂ ಅದೇ.

ಬೆಳಗಿನ ಜಾವ ಅಮ್ಮ ಹೋದರು. ಬಳಿಕ ತಿಂಗಳುಗಟ್ಟಲೆ ಆ ಹಾಳೆಗಳನ್ನು ಮುಟ್ಟಲಾಗಲಿಲ್ಲ. ಅಮ್ಮನ ಕೈ ಹಿಡಿದು ಕೂರಬೇಕಾಗಿದ್ದ ಗಳಿಗೆಗಳನ್ನು ಯಾವುದೋ ಅರಮನೆಗೆ ಕೊಟ್ಟುಬಿಟ್ಟೆನೆಂದು ಒಂದು ದಿನ ಅಕ್ಕನ ಮುಂದೆ ಅತ್ತೆ. "ಬಾಗಿಲು ತೆಗೆದೇ ಇತ್ತು. ಅಮ್ಮನಿಗೂ ಕೇಳಿಸಿರುತ್ತೆ" ಎಂದಷ್ಟೇ ಹೇಳಿ ಅಕ್ಕ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು.

ಮೊದಲ ಪ್ರತಿ ಕೈಸೇರಿದ ದಿನವೇ ಮೈಸೂರಿಗೆ ಹೋಗಿ ಅದನ್ನು ಅವಳಿಗೆ ಕೊಡುತ್ತೇನೆ. ಗೀಟು ಎಳೆದ ಆ ಹಾಳೆ ಅದರೊಳಗೇ ಇರುತ್ತದೆ.