ಲೈಟ್‌ಬಾಯ್ ಯಾಕೆ ನಕ್ಕ

ಬಳ್ಳಾರಿ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಮಾಮನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಬಂತು. ಮನೆ ಸುದ್ದಿ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರ್ತಾಳೆ, ನಾನು ಮತ್ತೆ ಬರೆಯೋದಿಲ್ಲ. ನನ್ನ ಮಂಡಿ ನೋವನ್ನೂ ಬಿಡು. ನಿರ್ದೇಶಿಸೋಕೆ ತಮಿಳು ಸಿನಿಮಾ ಸಿಕ್ಕಿದ ಖುಷಿಯನ್ನು ಮೂರು ಪುಟ ಬರೆದಿದ್ದೀಯ. ಕೊನೆಗೆ, ಸಹಿಗೆ ಮುಂಚೆ ಒಂದು ಸಾಲು. "ಮಾಮ, ನಟರು ಮಾತನ್ನ ಸುಳ್ಳು ಸುಳ್ಳಾಗಿ ಆಡಿದ್ರೆ ತಮಿಳಿನಲ್ಲಿ ನನಗೆ ಗೊತ್ತಾಗುತ್ತಾ?" ಅದನ್ನು ಓದಿದ ಮೇಲೆ ಆ ಮೂರು ಪುಟ ನನಗೆ ನೆನಪೇ ಇಲ್ಲ. ಉತ್ತರ ಬರೆಯೋಣ ಅಂತ ಕೂರೋದು, ಏಳೋದು. ಮೂರು ದಿನದಿಂದ ಇದೇ ಆಯ್ತು.

ಧೈರ್ಯ ಹೇಳೋದು ಸುಲಭ. ಪುಟ್ಟಣ್ಣ ಕಣಗಾಲರು ಮೊದಲು ನಿರ್ದೇಶಿಸಿದ್ದು 1964ರಲ್ಲಿ, ಮಲಯಾಳಂನಲ್ಲಿ. ಶ್ರೀಲಂಕಾದಲ್ಲಿ ಹುಟ್ಟಿದ ಬಾಲು ಮಹೇಂದ್ರ ನಿರ್ದೇಶಕರಾದದ್ದು 1977ರಲ್ಲಿ, ನಮ್ಮ ಕನ್ನಡದಲ್ಲಿ. ಮಣಿರತ್ನಂ ಕೂಡ 1983ರಲ್ಲಿ ಕನ್ನಡದಿಂದಲೇ ಶುರು ಮಾಡಿ, ಮರುವರ್ಷ ಮಲಯಾಳಂಗೆ ಹೋಗಿ, ಆಮೇಲೆ ತಮಿಳಿಗೆ ಬಂದರು. ಅಷ್ಟೇಕೆ, 1934ರಲ್ಲಿ ಕನ್ನಡದ ಮೊದಲ ಟಾಕಿ ಮಾಡಿದ ವೈ.ವಿ. ರಾವ್ ತೆಲುಗಿನವರು. ಈ ಪಟ್ಟಿ ನಿನಗೂ ಬಾಯಿಪಾಠ. ಆದರೆ ಮೊದಲ ದಿನ "ಓಕೆ" ಅಂದ ಮೇಲೆ ಅವರಿಗೆ ರಾತ್ರಿ ನಿದ್ದೆ ಬಂತಾ ಅನ್ನೋದು ಪಟ್ಟಿಯಲ್ಲಿ ಇರೋದಿಲ್ಲ. ನೀನು ಕೇಳಿದ್ದು ಅದನ್ನ, ಅಲ್ವಾ?

ನಮ್ಮ ಬಳ್ಳಾರಿಯವರಿಗೆ ಒಂದು ಜಂಬ ಇದೆ. 1953ರವರೆಗೆ ಮದ್ರಾಸಿಗೆ ಸೇರಿದ್ದ ಊರು. ನಿಮ್ಮಜ್ಜಿ ಮನೆಯಲ್ಲಿ ಕನ್ನಡ ಮಾತಾಡೋರು, ಬೆಂಗಳೂರು ರೋಡಿನ ಅಂಗಡಿಗಳಲ್ಲಿ ತೆಲುಗು, ಕೌಲ್‌ಬಜಾರಿನ ಬಳೆಯವನ ಹತ್ತಿರ ತಮಗೆ ಬಂದಷ್ಟು ಉರ್ದು. ಬಳ್ಳಾರಿ ರಾಘವ ಇಲ್ಲಿ ವಕೀಲಿಕೆ ಮಾಡ್ತಾ ತೆಲುಗು ನಾಟಕದಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದರು. ಇಂಥ ಊರಲ್ಲಿ ಬೆಳೆದ ನನಗೆ ಭಾಷೆ ಅಂದ್ರೆ ಏನು ಮಹಾ ಅನ್ನೋ ಸೊಕ್ಕು.

ಆ ಸೊಕ್ಕಿಗೆ ಮದ್ರಾಸು ಇನ್ನಷ್ಟು ಗಾಳಿ ಹಾಕಿತು. ಹನ್ನೊಂದು ವರ್ಷ ಅಲ್ಲಿ ಅಸಿಸ್ಟೆಂಟ್ ಆಗಿದ್ದೆ. ಒಂದೇ ಸೆಟ್ಟು. ಬೆಳಗ್ಗೆ ಕನ್ನಡದ ಟೇಕ್, ಗೋಡೆ ಮೇಲಿನ ಕ್ಯಾಲೆಂಡರ್ ಬದಲಿಸಿ ಮಧ್ಯಾಹ್ನ ತೆಲುಗಿನ ಟೇಕ್. ಕ್ಯಾಮೆರಾ ಪಕ್ಕ ಕೂತು ಡೈಲಾಗ್ ಪ್ರಾಂಪ್ಟ್ ಮಾಡೋದು ನನ್ನ ಕೆಲಸ. ಭಾಷೆ ಬರದವರು ನಾನು ಹೇಳಿದ ಹಾಗೆ ತುಟಿ ಆಡಿಸೋರು. ಡಬ್ಬಿಂಗಿನಲ್ಲಿ ಪ, ಬ, ಮ ಬಂದ ಕಡೆ ತುಟಿ ಮುಚ್ಚಿದ್ದರೆ ಸಾಕು, ಉಳಿದದ್ದು ಹೇಗೋ ನಡೆದುಹೋಗುತ್ತೆ. ತುಟಿ ಕೂಡಿದರೆ ಮಾತೂ ಕೂಡಿತು ಅಂತ ನಾನು ನಂಬಿಬಿಟ್ಟಿದ್ದೆ ಪುಟ್ಟಿ.

ಆಮೇಲೆ ನನ್ನ ಆ ತಮಿಳು ಸಿನಿಮಾ. ಅದು ಓಡಲಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇದೊಂದು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಹಳ್ಳಿಯ ಗುಡಿಸಲಿನ ಸೀನು. ಕೂಲಿ ಮಾಡೋ ತಾಯಿ, ಸಿಟ್ಟು ಮಾಡಿಕೊಂಡ ಮಗ. ತಾಯಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಕರೀಬೇಕು. ಆ ಪಾತ್ರದ ನಟಿಗೂ ತಮಿಳು ಬರೋದಿಲ್ಲ. ಆರನೇ ಟೇಕಿನಲ್ಲಿ ಕಣ್ಣೀರು ಸರಿಯಾದ ಹೊತ್ತಿಗೆ ಕೆನ್ನೆ ಮೇಲೆ ಇಳಿಯಿತು. ತಟ್ಟೆ ಸಣ್ಣಗೆ ನಡುಗಿತು. "ಮಗನೇ, ಉಣವು ಅರುಂದ ವಾ" ಅಂದಳು. ನನಗೂ ಗಂಟಲು ಕಟ್ಟಿತು. ಓಕೆ ಅಂದೆ. ಆಗ ಮೇಲೆ ಲೈಟ್ ಹಿಡಿದಿದ್ದ ಹುಡುಗ ಮುಖ ಆಚೆ ತಿರುಗಿಸಿದ. ಅವನ ಭುಜ ಅಲ್ಲಾಡುತ್ತಿತ್ತು. ನಗ್ತಿದ್ದ. ನನಗೆ ಎಲ್ಲಿಲ್ಲದ ಕೋಪ ಬಂತು. ಅಳೋ ಸೀನಿನಲ್ಲಿ ನಗ್ತೀಯಾ ಅಂತ ಎಲ್ಲರ ಎದುರು ಬೈದು, ಅವನನ್ನು ಸೆಟ್ಟಿನಿಂದ ಆಚೆ ಕಳಿಸಿದೆ.

ಥಿಯೇಟರಿನಲ್ಲಿ ಅದೇ ಸಾಲಿಗೆ ಜನ ನಕ್ಕರು. ಪಕ್ಕದವರನ್ನು ಕೇಳಿದೆ. ಆ ತಾಯಿ ಕರೆದದ್ದು ಹೇಗಿತ್ತು ಗೊತ್ತಾ? ನಮ್ಮಲ್ಲಿ ಕೂಲಿ ಹೆಂಗಸು "ಮಗನೇ, ಭೋಜನ ಸ್ವೀಕರಿಸಲು ಬಾ" ಅಂದ ಹಾಗೆ. "ಸಾಪ್ಪಿಡ ವಾಡಾ" ಅಂದಿದ್ದರೆ ಮುಗಿದಿತ್ತು. ಡೈಲಾಗ್ ಬರೆದವರು ಪುಸ್ತಕದ ತಮಿಳು ಬರೆದಿದ್ದರು. ಅಲ್ಲಿ ಬರೆಯೋ ಭಾಷೆಗೂ ಆಡೋ ಭಾಷೆಗೂ ಇರೋ ದೂರ ನಮ್ಮದಕ್ಕಿಂತ ಜಾಸ್ತಿ. ನನಗೆ ಹೋಟೆಲ್, ಬಸ್ಸು, ಬೈಗುಳಕ್ಕೆ ಆಗೋವಷ್ಟು ತಮಿಳು ಬರ್ತಿತ್ತು. ಅದು ಸಾಲದು ಅಂತ ಆ ಸೆಟ್ಟಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವನನ್ನೇ ನಾನು ಆಚೆ ಹಾಕಿದ್ದೆ.

ಹಾಗಾಗಿ ನಿನ್ನ ಪ್ರಶ್ನೆಗೆ "ಗೊತ್ತಾಗುತ್ತೆ, ಹೆದರಬೇಡ" ಅಂತ ಬರೆಯೋಕೆ ನನಗೆ ಬಾಯಿಲ್ಲ. ನನಗೆ ಗೊತ್ತಾಗಲಿಲ್ಲ.

ಕನ್ನಡದಲ್ಲಾದರೂ ಗೊತ್ತಾಯ್ತಾ? ಇದನ್ನು ನಿಮ್ಮಮ್ಮ ಹೇಳಿರಲಿಕ್ಕಿಲ್ಲ. ನಮ್ಮ ಊರ ಕಡೆಯ ಕಥೆ ಅಂತ ಮಾಡಿದೆನಲ್ಲ, ಅದರ ಡಬ್ಬಿಂಗ್ ಬೆಂಗಳೂರಿನಲ್ಲಿ. "ಸಾರ್, ನಿಮ್ಮ ಕಡೆ ಮಾತು ಜನಕ್ಕೆ ಅರ್ಥ ಆಗಲ್ಲ" ಅಂದರು. ಒಂದೊಂದೇ ಸಾಲು ತಿದ್ದಿದೆ. ಬೇರೆ ಯಾರೋ ಅಲ್ಲ, ನಾನೇ. ಇಲ್ಲಿ ಸೆಕೆಂಡ್ ಶೋ ಮುಗಿಸಿ ಹೊರಗೆ ಬಂದಾಗ ನಿಮ್ಮಮ್ಮ ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ಅಣ್ಣಾ, ಇವ್ರು ಯಾವೂರು ಮಂದಿ?" ಅವಳು ಚೇಷ್ಟೆಗೆ ಕೇಳಿರಲಿಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅದಕ್ಕೇ ನಿನ್ನ ಭಯ ಬರೀ ತಮಿಳಿನದ್ದು ಅಂತ ನನಗೆ ಅನ್ನಿಸೋದಿಲ್ಲ. ಇದು ಸಮಾಧಾನದ ಮಾತಲ್ಲ, ಗೊತ್ತು.

ಕೆಲಸಕ್ಕೆ ಬರೋ ಮಾತು ಹೇಳು ಅಂದ್ರೆ ನನ್ನ ಹತ್ತಿರ ಇರೋದು ಕಡಿಮೆ. ಈಗ ಸಿಂಕ್ ಸೌಂಡ್, ಶೂಟಿಂಗಿನಲ್ಲೇ ಮಾತು ರೆಕಾರ್ಡ್ ಆಗುತ್ತೆ, ನಿಮ್ಮ ಕಿವಿಗೆ ಹೆಡ್‌ಫೋನ್ ಇರುತ್ತೆ. ಒಂದು ಟೇಕನ್ನಾದರೂ ಮಾನಿಟರ್ ನೋಡದೆ ಕಣ್ಣು ಮುಚ್ಚಿ ಕೇಳು. ನನ್ನನ್ನು ಕೆಡಿಸಿದ್ದು ಆ ಕಣ್ಣೀರು. ಮತ್ತೆ, ನಟರಿಗೆ ಕಾಗದ ಕೊಡುವ ಮುಂಚೆ ಸೀನು ಹೇಳಿ, ನಿಮ್ಮ ಮನೆಯಲ್ಲಾದರೆ ಹೇಗೆ ಅಂತೀರಿ ಅಂತ ಕೇಳಿ ನೋಡು. ಕೆಲವರಿಗೆ ಇದು ಹಿಡಿಸೋದಿಲ್ಲ, ಬಲವಂತ ಮಾಡಬೇಡ. ಕಥೆ ನಡೆಯೋ ಜಿಲ್ಲೆಯವರೇ ಒಬ್ಬರು ನಿನ್ನ ಪಕ್ಕ ಕೂತರೆ ಒಳ್ಳೆಯದು. ಪ್ರೊಡ್ಯೂಸರ್ ಅದಕ್ಕೆ ದುಡ್ಡು ಯಾಕೆ ಅಂತಾರೆ. ನಿನ್ನ ಸಂಭಾವನೆಯಲ್ಲಿ ಹಿಡಿದುಕೊಳ್ಳಿ ಅನ್ನು. ಇದನ್ನೆಲ್ಲ ನಾನು ಮಾಡಿದವನಲ್ಲ, ಆಮೇಲೆ ಹೊಳೆದದ್ದು. ಬೇಕಾದ್ದು ಇಟ್ಟುಕೋ.

ಊಟದ ಹೊತ್ತಿಗೆ ಲೈಟಿನವರ ಜೊತೆ ಕೂರು. ನಾನು ಆ ಹುಡುಗನ ಹೆಸರನ್ನೂ ಕೇಳಿರಲಿಲ್ಲ. ಆಮೇಲೆ ಹುಡುಕಿಸಿದೆ. ಯಾವ ಹುಡುಗ ಸಾರ್, ದಿನಾ ಇಪ್ಪತ್ತು ಜನ ಬರ್ತಾರೆ ಅಂದರು.

ನೀನು ಕಳಿಸಿದ ಎರಡು ಸೀನು ಓದಿದೆ. ತಮಿಳು ಅಕ್ಷರ ಮರೆತುಹೋಗಿದೆ, ಕೂಡಿಸಿ ಕೂಡಿಸಿ ಓದೋದರಲ್ಲಿ ಮಧ್ಯಾಹ್ನ ಕಳೆಯಿತು. ಚೆನ್ನಾಗಿದೆ. ಎರಡನೇ ಸೀನಿನಲ್ಲಿ ಅಪ್ಪ ಕ್ಷಮೆ ಕೇಳ್ತಾ ಮಗಳಿಗೆ "ಎನ್ನೈ ಮನ್ನಿತ್ತುವಿಡು" ಅಂತಾನಲ್ಲ, ಅಲ್ಲಿ ನನ್ನ ಬೆರಳು ನಿಂತಿತು. ಟೀ ಅಂಗಡಿ ಇಟ್ಟವನು ಮಗಳ ಹತ್ತಿರ ಹೀಗೆ ಅಂತಾನಾ? ನನ್ನ ತಮಿಳು ನಿನಗೆ ಗೊತ್ತಲ್ಲ, ನನ್ನ ಮಾತು ನಂಬಬೇಡ. ಆ ಕಡೆಯವರು ಯಾರನ್ನಾದರೂ ಕೇಳಿ ನನಗೂ ಒಂದು ಸಾಲು ಬರಿ.

ನಿನ್ನ ಮಾಮ